ಪಂಚಾಕ್ಷರಯ್ಯನವರ ಅರ್ಧ ಗಂಟೆ

ಚಾಮರಾಜಪೇಟೆಯ ಡಾಕ್ಟರ್ ವರದರಾಜ ಅವರ ಅಲರ್ಜಿ ಕ್ಲಿನಿಕ್ಕಿಗೆ ಹೋಗುತ್ತಿದ್ದವರು ಡಾಕ್ಟರಿಗೆ ಹೆದರುತ್ತಿರಲಿಲ್ಲ, ಸೂಜಿಗೂ ಹೆದರುತ್ತಿರಲಿಲ್ಲ. ಅವರೆಲ್ಲ ಹೆದರುತ್ತಿದ್ದುದು ಕಾಂಪೌಂಡರ್ ಪಂಚಾಕ್ಷರಯ್ಯನವರಿಗೆ. ಐವತ್ತೈದರ ವಯಸ್ಸು, ಬಿಳಿಯ ಅರ್ಧ ತೋಳಿನ ಷರ್ಟು, ಹಣೆ ತುಂಬ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ, ಅದರ ಪಕ್ಕದಲ್ಲೇ ಕೋಪ. ಆ ಕೋಪಕ್ಕೆ ಇದ್ದ ಕಾರಣ ಮಾತ್ರ ಒಂದೇ. ಅಲರ್ಜಿಯ ಇಂಜೆಕ್ಷನ್ ಚುಚ್ಚಿಸಿಕೊಂಡವರು ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತಿರಬೇಕಿತ್ತು, ಆದರೆ ಯಾರೂ ಕೂರುತ್ತಿರಲಿಲ್ಲ.

ನಮ್ಮ ಜನ ಬಸ್ ಸ್ಟಾಪಿನಲ್ಲಿ ಒಂದು ಗಂಟೆ ನಿಲ್ಲುತ್ತಾರೆ. ಮದುವೆಮನೆಯ ಎರಡನೇ ಪಂಕ್ತಿಗಾಗಿ ಒಂದೂವರೆ ಗಂಟೆ ಕುರ್ಚಿಯ ಹಿಂದೆ ಕಾಯುತ್ತಾರೆ. ಅದೇ ಜನಕ್ಕೆ ಜೀವದ ವಿಷಯ, ಅರ್ಧ ಗಂಟೆ ಕೂತಿರಿ ಎಂದು ಹೇಳಿ ನೋಡಿ. ತಕ್ಷಣ ಒಬ್ಬರಿಗೆ ಗ್ಯಾಸ್ ಸಿಲಿಂಡರ್ ಬರುವ ಹೊತ್ತಾಗುತ್ತದೆ, ಇನ್ನೊಬ್ಬರಿಗೆ ಮೊಮ್ಮಗುವನ್ನು ಸ್ಕೂಲಿನಿಂದ ಕರೆತರುವ ಹೊತ್ತಾಗುತ್ತದೆ. ಪಂಚಾಕ್ಷರಯ್ಯನವರು ಇದಕ್ಕೊಂದು ಉಪಾಯ ಮಾಡಿದ್ದರು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಮೇಜಿನ ಮೇಲೆ ಹಳೆಯ ಅಲಾರಂ ಗಡಿಯಾರ ಇಟ್ಟುಕೊಂಡು, ಯಾರಿಗೆ ಎಷ್ಟು ಹೊತ್ತಿಗೆ ಚುಚ್ಚಿದ್ದೆಂದು ಚೀಟಿಯಲ್ಲಿ ಬರೆದುಕೊಂಡು ಕೂರುತ್ತಿದ್ದರು. ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಎದ್ದವರನ್ನೂ ಕೈ ತೋರಿಸಿ ಕೂರಿಸುತ್ತಿದ್ದರು.

“ಬ್ಯಾಂಕಿಗೆ ಲೇಟಾಗತ್ತೆ ಕಣ್ರೀ” ಎಂದು ಒಬ್ಬ ಮ್ಯಾನೇಜರು ಗೊಣಗಿದ್ದಕ್ಕೆ ಅವರು ಕೊಟ್ಟ ಉತ್ತರ ಇಡೀ ಬೀದಿಗೆ ಗೊತ್ತಿತ್ತು. “ಬ್ಯಾಂಕು ಎಲ್ಲೂ ಓಡಿಹೋಗಲ್ಲ ಸಾರ್. ಉಸಿರು ಓಡಿಹೋಗತ್ತೆ. ಕೂತ್ಕೊಳಿ.”

ಅವರ ಹಟದಲ್ಲಿ ಅರ್ಥವಿತ್ತು. ಯಾವ ವಸ್ತುವನ್ನು ಕಂಡರೆ ಮೈಗೆ ಆಗುವುದಿಲ್ಲವೋ ಅದನ್ನೇ ಚೂರೇ ಚೂರು ಮೈಯೊಳಗೆ ಬಿಡುವುದು ಈ ಇಂಜೆಕ್ಷನ್ನಿನ ಲೆಕ್ಕಾಚಾರ. ಹೊಸದಾಗಿ ಬಂದವರಿಗೆ ಅವರು ತಮ್ಮದೇ ರೀತಿಯಲ್ಲಿ ತಿಳಿಸಿ ಹೇಳುತ್ತಿದ್ದರು: “ನಿಮಗೆ ಆಗದವನನ್ನ ವಾರಕ್ಕೆರಡು ಸಲ ಬಾಗಿಲ ಹತ್ರ ನಿಲ್ಲಿಸಿ ನಮಸ್ಕಾರ ಹೇಳಿಸ್ತೀವಿ. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ. ಹೇಳ್ತಾ ಹೇಳ್ತಾ ನಿಮ್ಮ ಮೈ ಜಗಳ ಆಡೋದು ಬಿಡತ್ತೆ.” ಎಷ್ಟು ಹತ್ತಿರದಿಂದ, ಎಷ್ಟು ಬೇಗ ಎಂಬುದರಲ್ಲೇ ಎಲ್ಲ ಇದ್ದದ್ದು. ಕಡಿಮೆಯಾದರೆ ಔಷಧಿ ಕೆಲಸ ಮಾಡುವುದಿಲ್ಲ, ಹೆಚ್ಚಾದರೆ ಮೈ ರೊಚ್ಚಿಗೆದ್ದು ಉಸಿರನ್ನೇ ಕಟ್ಟಿಬಿಡುತ್ತದೆ.

ತೊಂಬತ್ತಾರನೇ ಇಸವಿಯ ಆಷಾಢದಲ್ಲಿ, ಗಾಳಿ ಬೀಸಿ ಬೀಸಿ ಊರಿಗೆಲ್ಲ ಕೆಮ್ಮು ಹಂಚಿದ್ದ ಒಂದು ಬೆಳಿಗ್ಗೆ, ರಾಮಾಂಜಿನಪ್ಪ ಹೆಂಡತಿಯ ಭುಜ ಹಿಡಿದುಕೊಂಡು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದ. ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವನಿಗೆ ಹಾಸಿಗೆ ಅಂಗಡಿ ಇತ್ತು, ಮನೆಯೂ ಅದೇ. ಹಳೆಯ ಹಾಸಿಗೆ ಬಿಚ್ಚಿ, ಗಂಟುಕಟ್ಟಿದ ಹತ್ತಿಯನ್ನು ಬಡಿದು ಹಿಂಜಿ, ಹೊಸ ಬಟ್ಟೆಗೆ ತುಂಬಿ ಹೊಲಿಯುವುದು ತಂದೆಯಿಂದ ಬಂದ ಕಸುಬು. ನಲವತ್ತೆಂಟು ವರ್ಷದ ಗಟ್ಟಿ ಆಳು, ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಕಮ್ಮಾರನ ತಿದಿಯ ಹಾಗೆ ಏದುಸಿರು ಬಿಡುತ್ತಿದ್ದ.

ಕಾಯಿಲೆ ಏನೆಂದು ಡಾಕ್ಟರು ಕೇಳಿದಾಗ ಅವನು “ಏನಿಲ್ಲ ಡಾಕ್ಟ್ರೇ, ಸ್ವಲ್ಪ ದಮ್ಮು, ಪರವಾಗಿಲ್ಲ” ಎಂದ. ಹೆಂಡತಿ ತಿಮ್ಮಕ್ಕನಿಗೆ ರೇಗಿತು.

“ಏನ್ ಪರವಾಗಿಲ್ಲ? ಏಳ್ ವರ್ಷ ಆಯ್ತು ಸಾರ್, ಇವ್ರು ಮಲಗಿ. ಮಲಗಿದ್ರೆ ಉಸ್ರೇ ಸಿಗಲ್ಲ. ಗೋಡೆ ಪಕ್ಕ ಕುರ್ಚಿ ಹಾಕ್ಕೊಂಡು ಕೂತೇ ನಿದ್ದೆ ಮಾಡೋದು. ಊರೋರ್ಗೆಲ್ಲ ಹಾಸಿಗೆ ಹೊಲ್ಕೊಡ್ತಾರೆ, ಇವ್ರಿಗೆ ಮಾತ್ರ ಕುರ್ಚಿ.”

ಮುಂಗೈ ಮೇಲೆ ಹತ್ತಾರು ಔಷಧಿಗಳ ಹನಿ ಇಟ್ಟು ಚುಚ್ಚಿ ಪರೀಕ್ಷೆ ಮಾಡಿದರು. ಒಂದೇ ಒಂದು ಜಾಗ ಕಜ್ಜಾಯದಂತೆ ಉಬ್ಬಿತು. ಹಳೆಯ ಹಾಸಿಗೆಯ ಧೂಳಿನಲ್ಲಿ ಇರುವ, ಕಣ್ಣಿಗೆ ಕಾಣದ ಸಣ್ಣ ಹುಳದಿಂದ ಮಾಡಿದ ಔಷಧಿ ಬಿದ್ದ ಜಾಗ ಅದು. ಡಾಕ್ಟರು ನೇರವಾಗಿ ಹೇಳಿದರು: ಒಂದೋ ಕಸುಬು ಬಿಡಬೇಕು, ಇಲ್ಲವೋ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೂರು ವರ್ಷ ಬಿಡದೆ ಇಂಜೆಕ್ಷನ್ ತೆಗೆದುಕೊಳ್ಳಬೇಕು.

“ಬೇರೆ ಕೆಲ್ಸ ನಂಗೆ ಬರಲ್ಲ ಡಾಕ್ಟ್ರೇ. ಸೂಜಿನೇ ಹಾಕಿ. ದೊಡ್ ಆಸೆ ಏನಿಲ್ಲ. ನಾನೇ ಹೊಲ್ದಿರೋ ಒಂದ್ ಹಾಸಿಗೆ ಮೇಲೆ ಕಾಲ್ ಚಾಚ್ಕೊಂಡು, ಅಂಗಾತ ಒಂದ್ ನಿದ್ದೆ ಹೊಡೀಬೇಕು. ಅಷ್ಟೇ.”

ಪಂಚಾಕ್ಷರಯ್ಯನವರು ತಟ್ಟೆ ಒರೆಸುತ್ತಾ ನಿಂತಿದ್ದರು. ಮೂವತ್ತು ವರ್ಷದ ಕೆಲಸದಲ್ಲಿ ಅವರು ಎಷ್ಟೋ ಬಗೆಯ ಬೇಡಿಕೆ ಕೇಳಿದ್ದರು. ಆದರೂ ಆ ಮಾತು ಅವರ ಮನಸ್ಸಿಗೆ ನಾಟಿತು.

ಮಂಗಳವಾರ ಮತ್ತು ಶುಕ್ರವಾರ ರಾಮಾಂಜಿನಪ್ಪನ ಸರದಿ. ಔಷಧಿಯ ಸೀಸೆ ಮೂರು. ಮೊದಲನೆಯದು ನೀರುಮಜ್ಜಿಗೆಯಷ್ಟು ತೆಳು, ಎರಡನೆಯದು ಅದರ ಹತ್ತು ಪಟ್ಟು ಗಟ್ಟಿ, ಮೂರನೆಯದು ಅದಕ್ಕೂ ಹತ್ತು ಪಟ್ಟು. ಒಂದೊಂದು ಸೀಸೆಯಲ್ಲೂ ಸಿರಿಂಜಿನ ಮೊದಲ ಗೆರೆಯಿಂದ ಹಿಡಿದು ಹತ್ತನೇ ಗೆರೆಯವರೆಗೆ ಏರುತ್ತಾ ಹೋಗಬೇಕು. ಸೀಸೆಯ ಜೊತೆ ಬರುತ್ತಿದ್ದ ಅಚ್ಚಿನ ಹಾಳೆಯಲ್ಲಿ ಎಲ್ಲ ಬರೆದಿತ್ತು. ಆದರೆ ಹಾಳೆ ಯಾರ ತೋಳನ್ನೂ ನೋಡಿರಲಿಲ್ಲ, ತೋಳು ನೋಡಬೇಕಾದವರು ಪಂಚಾಕ್ಷರಯ್ಯನವರು.

ಅವರಿಗೆ ದೊಡ್ಡ ಶತ್ರುವಾಗಿದ್ದದ್ದು ‘ಪರವಾಗಿಲ್ಲ’ ಎಂಬ ಪದ. ಹೋದ ಸಲ ಚುಚ್ಚಿದ ಜಾಗ ಊದಿತ್ತೇ ಎಂದು ಕೇಳಿದರೆ ಎಲ್ಲರದ್ದೂ ಅದೇ ಉತ್ತರ. ಏನೂ ಆಗದಿದ್ದವರೂ ಪರವಾಗಿಲ್ಲ, ತೋಳು ಕುಂಬಳಕಾಯಿ ಆಗಿದ್ದವರೂ ಪರವಾಗಿಲ್ಲ. ಡಾಕ್ಟರಿಗೆ ಬೇಜಾರಾಗಬಾರದೆಂಬ ದಾಕ್ಷಿಣ್ಯ. ಕೊನೆಗೆ ಅವರು ಆ ಪದವನ್ನೇ ಕ್ಲಿನಿಕ್ಕಿನಿಂದ ಹೊರಗೆ ಹಾಕಿ ಅಡುಗೆಮನೆಯ ಅಳತೆ ತಂದರು. ಸಾಸಿವೆಯಷ್ಟೋ, ಹುಣಸೆಬೀಜದಷ್ಟೋ, ಅಡಿಕೆಯಷ್ಟೋ, ಚಕ್ಕುಲಿಯಷ್ಟೋ, ಯಾವುದಾದರೂ ಒಂದು ಹೇಳಲೇಬೇಕು. ಹುಣಸೆಬೀಜದವರೆಗೆ ಮುಂದಿನ ಗೆರೆಗೆ ಹೋಗಬಹುದು. ಅಡಿಕೆಯಾದರೆ ಅದೇ ಗೆರೆಯಲ್ಲಿ ನಿಲ್ಲಬೇಕು. ಚಕ್ಕುಲಿ ಎಂದರೆ ಎರಡು ಗೆರೆ ಹಿಂದಕ್ಕೆ.

ಈ ಅಳತೆಯನ್ನು ರಾಮಾಂಜಿನಪ್ಪನಷ್ಟು ನೆಟ್ಟಗೆ ಹೇಳುತ್ತಿದ್ದವರು ಇನ್ನೊಬ್ಬರಿಲ್ಲ. “ಹುಣಸೆಬೀಜಕ್ಕಿಂತ ಒಂದ್ ಕೂದ್ಲೆಳೆ ದೊಡ್ದು ಅಯ್ನೋರೆ, ಸಂಜೆ ಆರಕ್ಕೆ ಇಳ್ದೋಯ್ತು” ಎನ್ನುತ್ತಿದ್ದ. ಕೈಯಳತೆಯ ಮೇಲೆ ಬದುಕಿದವನಲ್ಲವೇ. ಇಂಜೆಕ್ಷನ್ ಸೂಜಿ ನೋಡಿ “ನಮ್ ದಬ್ಬಣದ ಮರಿಮೊಮ್ಮಗು ಇದು” ಎಂದು ನಗುತ್ತಿದ್ದ. ಬೆಂಚಿನ ಮೇಲಿನ ಅರ್ಧ ಗಂಟೆಯನ್ನು ಗೊಣಗದೆ ಕಳೆಯುತ್ತಿದ್ದವನೂ ಅವನೊಬ್ಬನೇ. ಅಷ್ಟು ಹೊತ್ತೂ ಹತ್ತಿಯ ವಿಷಯ ಹೇಳುತ್ತಿದ್ದ, ಪಂಚಾಕ್ಷರಯ್ಯನವರು ಮುಂದಿನ ಸಿರಿಂಜು ತುಂಬುತ್ತಾ ಕಿವಿಗೊಡುತ್ತಿದ್ದರು. ಆರು ತಿಂಗಳಲ್ಲಿ ಇಬ್ಬರ ನಡುವೆ ಸ್ನೇಹ ಕುದುರಿತು.

ಔಷಧಿಯೂ ಹಿಡಿಯಿತು. ಸಂಕ್ರಾಂತಿಯ ಹೊತ್ತಿಗೆ ಅವನು ಕುರ್ಚಿ ಬಿಟ್ಟು, ಮಂಚದ ಮೇಲೆ ನಾಲ್ಕು ದಿಂಬು ಪೇರಿಸಿಕೊಂಡು ಒರಗುವಷ್ಟಾಗಿದ್ದ. ತಿಮ್ಮಕ್ಕ ಕ್ಲಿನಿಕ್ಕಿಗೆ ಎಳ್ಳುಬೆಲ್ಲ ತಂದು ಹಂಚಿದಳು. ಡಾಕ್ಟರು ಮೂರನೇ ಸೀಸೆ ಶುರು ಮಾಡಿಸಿದರು. ಒಂದು, ಎರಡು, ಮೂರು, ನಾಲ್ಕು, ಐದು ಎಂದು ಗೆರೆ ಏರಿತು. ತೋಳು ಅಡಿಕೆ ದಾಟಲಿಲ್ಲ.

ಆರನೇ ಗೆರೆಯ ದಿನ ರಾಮಾಂಜಿನಪ್ಪ ಬಂದಾಗ ಮೈಯೆಲ್ಲ ಹತ್ತಿಯ ಎಳೆ ಅಂಟಿತ್ತು. ವಿಶ್ವೇಶ್ವರಪುರದ ಒಂದು ಛತ್ರದವರು ತಮ್ಮ ಹಳೆಯ ಹಾಸಿಗೆಗಳನ್ನೆಲ್ಲ ಹೊಸದು ಮಾಡಿಸುತ್ತೇವೆ ಎಂದಿದ್ದರು. ಮಾದರಿಗೆಂದು ಕೊಟ್ಟಿದ್ದ ಎರಡು ಹಾಸಿಗೆಯನ್ನು ಬೆಳಗಿನಿಂದ ಬಿಚ್ಚಿ ಬಡಿದು ಅವನು ನೇರವಾಗಿ ಇಲ್ಲಿಗೆ ಓಡಿಬಂದಿದ್ದ. ಕೆಲಸ ಸಿಗುತ್ತದೋ ಇಲ್ಲವೋ ಎಂಬುದು ಅಂದು ಸಂಜೆ ಗೊತ್ತಾಗಬೇಕಿತ್ತು. ಅಷ್ಟು ಧೂಳು ಕುಡಿದು ಬಂದಿದ್ದೀಯಾ ಎಂದು ಅವನನ್ನು ಯಾರೂ ಕೇಳಲಿಲ್ಲ. ತೋಳು ಹೇಗಿತ್ತು ಎಂದು ಕೇಳಿದರು, ಹುಣಸೆಬೀಜ ಎಂದ, ಚುಚ್ಚಿದರು.

ಬೆಂಚಿನ ಮೇಲೆ ಪಕ್ಕದಲ್ಲಿ ಅಂಬುಜಮ್ಮ ಕೂತಿದ್ದರು. ಬಸವನಗುಡಿಯ ನಿವೃತ್ತ ಮೇಡಂ, ಕಾಂಗ್ರೆಸ್ ಗಿಡದ ಅಲರ್ಜಿಗೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದವರು. ಗಡಿಯಾರದಲ್ಲಿ ಏಳೆಂಟು ನಿಮಿಷ ಕಳೆದಿರಬೇಕು. ರಾಮಾಂಜಿನಪ್ಪ ಅಂಗೈ ಕೆರೆದುಕೊಳ್ಳುತ್ತಾ ನಕ್ಕ.

“ಅಯ್ನೋರೆ, ಯಾಕೋ ಬಲಗೈ ಭಾರಿ ತುರಿಸ್ತೈತೆ.”

“ಬಲಗೈ ತಾನೆ?” ಎಂದರು ಅಂಬುಜಮ್ಮ. “ಒಳ್ಳೇದೇ ಆಯ್ತು ಬಿಡಿ. ಗಂಡಸರಿಗೆ ಬಲಗೈ ತುರಿಸಿದ್ರೆ ದುಡ್ಡು ಬರತ್ತೆ.”

ಪಂಚಾಕ್ಷರಯ್ಯನವರು ಸೀಸೆಯಿಂದ ತಲೆ ಎತ್ತಲಿಲ್ಲ. “ಛತ್ರದ ಆರ್ಡರ್ ಬಂತು ಅನ್ನಿ ರಾಮಾಂಜಿನಪ್ಪನೋರೆ. ಶುಕ್ರವಾರ ನಮಗೆಲ್ಲ ಮೈಸೂರ್‌ಪಾಕು” ಎಂದರು.

“ಎಡಗೈನೂ ಶುರುವಾಯ್ತಲ್ಲಪ್ಪ!”

“ಬಂದಿದ್ದೆಲ್ಲ ಖರ್ಚು ಅಂತ ಅರ್ಥ” ಎಂದು ಅಂಬುಜಮ್ಮ ಹೇಳಿದ್ದೇ ತಡ, ಇಡೀ ಬೆಂಚು ನಕ್ಕಿತು. ಪಂಚಾಕ್ಷರಯ್ಯನವರೂ ನಕ್ಕರು. ಬಾಯಿ ಮುಚ್ಚಿಕೊಂಡು ಕೂತಿರಿ ಎಂದು ಗದರುವ ಮನುಷ್ಯ ಅಂದು ಮನಸಾರೆ ನಕ್ಕರು.

ಮುಂದಿನ ಮಾತು ಕೇಳಿದಾಗ ಅವರು ಸೀಸೆ ಕೆಳಗಿಟ್ಟರು. ಮಾತು ರಾಮಾಂಜಿನಪ್ಪನದೇ, ದನಿ ಅವನದಾಗಿರಲಿಲ್ಲ. ಯಾರೋ ಗಂಟಲು ಹಿಸುಕಿದಂತೆ ಬರುತ್ತಿತ್ತು. ತಿರುಗಿ ನೋಡಿದರೆ ಮುಖ ಕೆಂಪೇರಿ ತುಟಿ ದಪ್ಪವಾಗಿತ್ತು, ಕುತ್ತಿಗೆಯ ತುಂಬ ದದ್ದು ಎದ್ದಿತ್ತು. ಅವನು ಬೆಂಚಿನ ಅಂಚು ಹಿಡಿದು ಮುಂದಕ್ಕೆ ಬಾಗಿ ಗಾಳಿಗಾಗಿ ಬಾಯಿ ತೆರೆಯುತ್ತಿದ್ದ. ಅಂಗೈ, ಅಂಗಾಲು ತುರಿಸುವುದೇ ಮೊದಲ ಸುಳಿವು, ಅದು ಕಂಡೊಡನೆ ಎಚ್ಚೆತ್ತುಕೊಳ್ಳಬೇಕು ಎಂದು ಮೂವತ್ತು ವರ್ಷದಿಂದ ಹೊಸ ನರ್ಸುಗಳಿಗೆ ಪಾಠ ಹೇಳುತ್ತಿದ್ದವರು ಇದೇ ಪಂಚಾಕ್ಷರಯ್ಯನವರು.

ಅವರು ಡಾಕ್ಟರನ್ನು ಕೂಗಿ, ಔಷಧಿ ಮೇಲೇರದಂತೆ ಚುಚ್ಚಿದ ತೋಳಿಗೆ ರಬ್ಬರ್ ಪಟ್ಟಿ ಬಿಗಿದರು. ಇಂಥ ಹೊತ್ತಿಗೆಂದೇ ಔಷಧಿ ತಟ್ಟೆಯಲ್ಲಿ ಸದಾ ಸಿದ್ಧವಾಗಿರುತ್ತಿತ್ತು. ಡಾಕ್ಟರು ಒಂದೇ ಉಸಿರಿಗೆ ಬಂದು ಇನ್ನೊಂದು ತೋಳಿಗೆ ಚುಚ್ಚಿದರು, ಆಕ್ಸಿಜನ್ ಹಿಡಿದರು, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಚುಚ್ಚಿದರು. ಅಂಬುಜಮ್ಮ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಅಂಟಿ ನಿಂತಿದ್ದರು. ಕೊನೆಗೆ ರಾಮಾಂಜಿನಪ್ಪನ ಎದೆ ಒಂದು ಸಲ ಪೂರ್ತಿ ಮೇಲೆದ್ದು ಇಳಿಯಿತು. ಆಸ್ಪತ್ರೆಯಲ್ಲಿ ಒಂದು ದಿನ ಇರಿಸಿಕೊಂಡು, ಗಂಡಾಂತರ ಕಳೆಯಿತೆಂದು ಮನೆಗೆ ಕಳಿಸಿದರು.

ಅವನನ್ನು ಆಸ್ಪತ್ರೆಗೆ ಸೇರಿಸಿ ಬಂದ ಮೇಲೆ ಪಂಚಾಕ್ಷರಯ್ಯನವರು ಡಾಕ್ಟರ ಮುಂದೆ ನಿಂತರು.

“ಸಾರ್, ಅವನು ಅಂಗೈ ತುರಿಸತ್ತೆ ಅಂತ ಹೇಳ್ದ. ನಾನು ಕೇಳಿಸ್ಕೊಂಡೆ. ಕೇಳಿಸ್ಕೊಂಡು ತಮಾಷೆ ಮಾಡ್ದೆ.”

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ನೀವೆಲ್ಲ ನಕ್ಕಿದ್ದು ನನಗೂ ಒಳಗೆ ಕೇಳಿಸ್ತು” ಎಂದರು. “ಬಂದು ನೋಡ್ಬೇಕು ಅಂತ ನನಗೂ ಅನ್ನಿಸಲಿಲ್ಲ. ಇಂಜೆಕ್ಷನ್ ನಿಲ್ಲಿಸಿಬಿಡೋಣ ಪಂಚಾಕ್ಷರಯ್ಯ. ಮಾತ್ರೆ, ಬಾಯಿಗೆ ಹಿಡಿಯೋ ಪಂಪು, ಎಷ್ಟಾಗತ್ತೋ ಅಷ್ಟು ನೋಡೋಣ.”

ನಿಲ್ಲಿಸುವುದೆಂದರೆ ಮತ್ತೆ ಗೋಡೆ ಪಕ್ಕದ ಕುರ್ಚಿ. ಅದು ಇಬ್ಬರಿಗೂ ಗೊತ್ತಿತ್ತು.

ಆ ವಾರವೆಲ್ಲ ಪಂಚಾಕ್ಷರಯ್ಯನವರು ಸಿರಿಂಜನ್ನು ಬೆಳಕಿಗೆ ಹಿಡಿದೇ ತುಂಬುತ್ತಿದ್ದರು. ಗೆರೆಯನ್ನು ಎರಡೆರಡು ಸಲ ನೋಡುತ್ತಿದ್ದರು, ಕನ್ನಡಕ ಒರೆಸಿ ಮೂರನೇ ಸಲ ನೋಡುತ್ತಿದ್ದರು. ಅವರನ್ನು ಕಾಡಿದ್ದು ಗೆರೆಯ ತಪ್ಪಲ್ಲ. ಗೆರೆ ಹಾಳೆಯಲ್ಲಿದ್ದಂತೆಯೇ ಇತ್ತು. ತಾವು ಕಲಿತದ್ದು ಮನಸ್ಸಿನ ಒಂದು ಮೂಲೆಯಲ್ಲಿ, ಅಮ್ಮ ಹೇಳಿಕೊಟ್ಟದ್ದು ಇನ್ನೊಂದು ಮೂಲೆಯಲ್ಲಿ ಇಷ್ಟು ವರ್ಷ ಕೂತಿದ್ದವಲ್ಲ, ಒಂದನ್ನೊಂದು ನೋಡಿಯೇ ಇರಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಅವರ ಮನೆಯಲ್ಲಿ ಯಾರ ಅಂಗೈ ತುರಿಸಿದರೂ ದುಡ್ಡೇ ಬರುತ್ತಿತ್ತು. ಒಮ್ಮೆಯೂ ಬಂದಿರಲಿಲ್ಲ, ಆ ಮಾತು ಬೇರೆ.

ಭಾನುವಾರ ಅವರು ನಡೆದೇ ಕಲಾಸಿಪಾಳ್ಯಕ್ಕೆ ಹೋದರು. ತರಕಾರಿ ಮೂಟೆ, ಕೈಗಾಡಿ, ಬಸ್ಸಿನ ಹೊಗೆ ಎಲ್ಲ ದಾಟಿ ಅಂಗಡಿ ಹುಡುಕಿದರು. ರಾಮಾಂಜಿನಪ್ಪ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಚಾಪೆಯ ಮೇಲೆ ಹರಡಿದ್ದ ಹಾಸಿಗೆಗೆ ದಬ್ಬಣ ಹಾಕುತ್ತಿದ್ದ. ಅವನ ಹಿಂದೆ ಗೋಡೆಗೆ ತಾಗಿಸಿ ಆ ಕುರ್ಚಿ ಇತ್ತು. ಏಳು ವರ್ಷ ಒಂದೇ ತಲೆ ಒರಗಿ ಒರಗಿ ಗೋಡೆಯ ಸುಣ್ಣ ಅಲ್ಲಿ ಸವೆದು ಹೋಗಿತ್ತು. ಒಳಗಿಂದ ಬಂದ ತಿಮ್ಮಕ್ಕ ಇವರನ್ನು ನೋಡಿ ಬಾಗಿಲಲ್ಲೇ ನಿಂತಳು.

“ನೀವೂ ನಕ್ರಂತೆ?”

“ಹೌದು ತಾಯಿ. ನಕ್ಕೆ.”

ತಿಮ್ಮಕ್ಕ ಸರಕ್ಕನೆ ತಿರುಗಿ ಒಳಗೆ ಹೋದಳು. ಪಂಚಾಕ್ಷರಯ್ಯನವರು ಹಾಸಿಗೆಯ ಅಂಚಿಗೆ ಕೂತು, ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನೆಲ್ಲ ಮರೆತು, “ತಪ್ಪಾಯ್ತು ರಾಮಾಂಜಿನಪ್ಪನೋರೆ” ಎಂದಷ್ಟೇ ಅಂದರು. ಕಣ್ಣು ತುಂಬಿ ಬಂತು.

ರಾಮಾಂಜಿನಪ್ಪ ಮೂಗಿನ ಬಟ್ಟೆ ಇಳಿಸಿದ. “ನಾನೂ ನಕ್ಕೆನಲ್ಲ ಅಯ್ನೋರೆ. ನನ್ ಕೈ ತುರಿಸಿದ್ದು, ನಂಗೇ ಗೊತ್ತಾಗ್ಲಿಲ್ಲ.” ಆಮೇಲೆ ದನಿ ತಗ್ಗಿಸಿದ. “ಇನ್ನೊಂದ್ ವಿಷ್ಯ ಹೇಳ್ಲಾ? ಅವತ್ತೇ ಸಾಯಂಕಾಲ ಛತ್ರದೋರು ಬಂದಿದ್ರಂತೆ. ಅರವತ್ತು ಹಾಸಿಗೆ! ಕೈ ಸುಳ್ಳು ಹೇಳ್ಲಿಲ್ಲ ನೋಡಿ.”

ಪಂಚಾಕ್ಷರಯ್ಯನವರು ಹಾಸಿಗೆಯ ಮೇಲೆ ಬಿದ್ದಿದ್ದ ಹತ್ತಿಯ ಎಳೆಯೊಂದನ್ನು ಎತ್ತಿ ಬೆರಳಿಗೆ ಸುತ್ತಿಕೊಂಡರು. ಡಾಕ್ಟರು ಇಂಜೆಕ್ಷನ್ ನಿಲ್ಲಿಸುತ್ತಾರಂತೆ ಎಂದು ನಿಧಾನವಾಗಿ ಹೇಳಿದರು. ರಾಮಾಂಜಿನಪ್ಪನ ಮುಖ ಸಪ್ಪಗಾಯಿತು. ದಬ್ಬಣವನ್ನು ಹಾಸಿಗೆಗೆ ಚುಚ್ಚಿಟ್ಟು, ಅಂಗೈಯಿಂದ ಹತ್ತಿಯನ್ನು ಒತ್ತಿ ನೋಡಿದ.

“ಅಯ್ನೋರೆ, ಈ ಅಳತೆ ಹಾಸಿಗೆಗೆ ಹತ್ತು ಕೇಜಿ ಹತ್ತಿ ಅಂತ ಲೆಕ್ಕ. ಆದ್ರೆ ಎಲ್ರಿಗೂ ಹತ್ತು ತುಂಬಕ್ಕಾಗಲ್ಲ. ಮಲಗೋರು ದಪ್ಪ ಇದ್ರೆ ಹನ್ನೊಂದು. ಮುದುಕ್ರು, ಬೆನ್ನು ಬಾಗಿರೋರು ಅಂದ್ರೆ ಎಂಟೇ ಸಾಕು. ಒಂದೊಂದ್ಸಲ ತಪ್ಪಿ ಜಾಸ್ತಿ ಆಗತ್ತೆ, ಕಲ್ಲಾಗತ್ತೆ. ಆಗ ಹಾಸಿಗೆನೇ ಬಿಸಾಕ್ತೀವಾ? ಮೂಲೆ ಹೊಲಿಗೆ ಬಿಚ್ಚಿ ಎರಡ್ ಹಿಡಿ ಹತ್ತಿ ತೆಗೀತೀವಿ, ಅಷ್ಟೆ. ನಂಗೂ ಎರಡ್ ಹಿಡಿ ತೆಗೀರಿ. ನಿಲ್ಲಿಸ್ಬೇಡಿ.”

“ನಿಮಗೆ ಭಯ ಇಲ್ವಾ?”

“ಐತೆ. ಆದ್ರೆ ಆ ಕುರ್ಚಿ ಕಂಡ್ರೆ ಇನ್ನೂ ಜಾಸ್ತಿ ಭಯ ಐತೆ.”

ತಿಮ್ಮಕ್ಕ ಕಾಫಿ ತಂದು ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ. ಮರೆತಳೋ ಬೇಕೆಂದೇ ಬಿಟ್ಟಳೋ ಎಂದು ಕೇಳುವ ಧೈರ್ಯ ಪಂಚಾಕ್ಷರಯ್ಯನವರಿಗೆ ಇರಲಿಲ್ಲ. ಕುಡಿದು ಲೋಟ ಕೆಳಗಿಟ್ಟರು.

ಡಾಕ್ಟರ್ ವರದರಾಜ ಸುಲಭಕ್ಕೆ ಒಪ್ಪಲಿಲ್ಲ. ಪಂಚಾಕ್ಷರಯ್ಯನವರು ಮೂರು ದಿನ ಬೆನ್ನು ಹತ್ತಿದರು. ಆರನೇ ಗೆರೆಯ ದಿನ ರಾಮಾಂಜಿನಪ್ಪ ಧೂಳಿನಲ್ಲಿ ಮುಳುಗಿ ಬಂದಿದ್ದನ್ನು ಹೇಳಿದರು, ಅದನ್ನು ಕೇಳದೆ ಚುಚ್ಚಿದ್ದು ತಮ್ಮ ಇನ್ನೊಂದು ತಪ್ಪೆಂದರು. ಎರಡು ಹಿಡಿ ಹತ್ತಿಯ ಮಾತನ್ನೂ ಹೇಳಿದರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಸರಿ. ಎರಡನೇ ಸೀಸೆಯಿಂದ ಮತ್ತೆ ಶುರು. ಒಂದೊಂದೇ ಗೆರೆ, ನೋಡ್ಕೊಂಡು ಏರಿಸೋದು. ಅವನು ಬಂದ ದಿನ ನೀವು ಬೇರೆ ಏನೂ ಕೆಲಸ ಮಾಡ್ಬೇಡಿ, ಅವನ ಮುಂದೆ ಕೂತಿರಿ” ಎಂದರು.

ಅಂದಿನಿಂದ ಪಂಚಾಕ್ಷರಯ್ಯನವರ ಪ್ರಶ್ನೆಗಳು ಹೆಚ್ಚಿದವು. ಇವತ್ತು ಹತ್ತಿ ಬಡಿದಿರಾ? ಓಡಿ ಬಂದಿರಾ? ನೆಗಡಿ ಇದೆಯಾ? ಒಂದಕ್ಕೆ ಹೌದು ಎಂದರೂ ಸೂಜಿ ಇಲ್ಲ, ಹಾಗೇ ವಾಪಸ್ಸು. ಚುಚ್ಚಿದ ಮೇಲೆ ಎದುರಿಗೆ ಸ್ಟೂಲು ಹಾಕಿಕೊಂಡು ಅವನ ಎರಡೂ ಅಂಗೈಗಳನ್ನು ತಮ್ಮ ಮಂಡಿಯ ಮೇಲೆ ಮೇಲ್ಮುಖವಾಗಿ ಇರಿಸಿಕೊಂಡು ಕಣ್ಣು ಕೀಲಿಸಿ ಕೂರುತ್ತಿದ್ದರು. ನೋಡಿದವರಿಗೆ ಕೈ ನೋಡಿ ಭವಿಷ್ಯ ಹೇಳುತ್ತಿದ್ದಂತೆ ಕಾಣುತ್ತಿತ್ತು. ಬೆಂಚಿನ ಮೇಲಿನ ಗೋಡೆಗೆ ತಮ್ಮದೇ ದುಂಡಕ್ಷರದಲ್ಲಿ ಒಂದು ಬೋರ್ಡು ಬರೆದು ಹಾಕಿದರು: ‘ಅಂಗೈ ತುರಿಸಿದರೆ ದುಡ್ಡು ಬರುವುದಿಲ್ಲ. ತಕ್ಷಣ ಕಾಂಪೌಂಡರಿಗೆ ತಿಳಿಸಿ.’ ಹೊಸಬರು ಅದನ್ನು ಓದಿ ನಗುತ್ತಿದ್ದರು. ಅಂಬುಜಮ್ಮ ನಗುತ್ತಿರಲಿಲ್ಲ. ಅವರು ನಗುವವರನ್ನೆಲ್ಲ ಕೂರಿಸಿಕೊಂಡು ವಿಷಯ ಹೇಳುತ್ತಿದ್ದರು.

ಮೂರನೇ ಸೀಸೆಯ ಮೂರನೇ ಗೆರೆಯವರೆಗೆ ತೋಳು ಹುಣಸೆಬೀಜದಲ್ಲೇ ಇತ್ತು. ನಾಲ್ಕಕ್ಕೆ ಏರಿಸಿದಾಗ ಚಕ್ಕುಲಿಯಾಯಿತು, ಮರುದಿನದವರೆಗೂ ಇಳಿಯಲಿಲ್ಲ. ಎರಡಕ್ಕೆ ಇಳಿಸಿ, ಮತ್ತೆ ಮೆಲ್ಲಗೆ ಏರಿಸುತ್ತಾ ತಿಂಗಳು ಬಿಟ್ಟು ನಾಲ್ಕು ಹಾಕಿದರು. ಮತ್ತೆ ಚಕ್ಕುಲಿ. ಹಾಳೆಯ ಪ್ರಕಾರ ಹತ್ತನೇ ಗೆರೆ ಮುಟ್ಟಬೇಕಿತ್ತು.

“ಮೂರೂವರೆ ಹಾಕಿ ನೋಡ್ತೀನಿ ಸಾರ್. ಅಲ್ಲೇ ನಿಲ್ಲಿಸೋಣ” ಎಂದರು ಪಂಚಾಕ್ಷರಯ್ಯನವರು.

“ಅಷ್ಟು ಕಡಿಮೆ ಆದ್ರೆ ಉಪಯೋಗ ಆಗತ್ತೋ ಇಲ್ವೋ.”

“ಹತ್ತು ಕೇಜಿ ಎಲ್ಲರಿಗೂ ಆಗಲ್ಲ ಸಾರ್.”

ಮೂರೂವರೆಗೆ ತೋಳು ಅಡಿಕೆಯಷ್ಟಾಗಿ ಸಂಜೆಗೆ ಇಳಿಯಿತು. ಅದೇ ಅವನ ಅಳತೆ ಎಂದು ತೀರ್ಮಾನವಾಯಿತು. ವಾರಕ್ಕೆರಡು ಸಲ ಬರುತ್ತಿದ್ದವನು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬರತೊಡಗಿದ. ಆ ಅಳತೆ ಸಾಕೋ ಸಾಲದೋ ಎಂದು ತಿಳಿಯಲು ಇದ್ದದ್ದು ಒಂದೇ ದಾರಿ. ಪಂಚಾಕ್ಷರಯ್ಯನವರು ಪ್ರತಿ ತಿಂಗಳೂ “ಎಷ್ಟು ದಿಂಬು?” ಎಂದು ಕೇಳುತ್ತಿದ್ದರು. ನಾಲ್ಕಿದ್ದದ್ದು ಮೂರಾಯಿತು, ಗಣೇಶನ ಹಬ್ಬದ ಹೊತ್ತಿಗೆ ಎರಡಾಯಿತು. ಆ ಚಳಿಗಾಲದಲ್ಲಿ ಮತ್ತೆ ಮೂರಾಗಿ ಎಲ್ಲರ ಜೀವ ತಿಂದಿತು. ಮರುವರ್ಷ ಒಂದಕ್ಕೆ ಇಳಿದು ಅಲ್ಲೇ ನಿಂತುಬಿಟ್ಟಿತು. ಒಂದೇ ದಿಂಬಾದರೂ ಅದು ಗೋಣಿಚೀಲದಷ್ಟು ದಪ್ಪ, ಅದಕ್ಕೆ ಒರಗಿ ಅರ್ಧ ಕೂತಂತೆಯೇ ಮಲಗುತ್ತಿದ್ದ. ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ನೋಡಿ ಎಲ್ಲ ಸರಿ ಇದೆ ಎನ್ನುತ್ತಿದ್ದರು. ಅವನ ಎದೆ ಒಪ್ಪಿತ್ತು, ಭಯ ಒಪ್ಪಿರಲಿಲ್ಲ. “ಅಂಗಾತ ಆದ ತಕ್ಷಣ ಎಚ್ರ ಆಗೋಗತ್ತೆ ಅಯ್ನೋರೆ. ಯಾರೋ ಬಂದು ಎದೆ ಮೇಲೆ ಕೂರ್ತಾರೆ ಅನ್ಸತ್ತೆ” ಎನ್ನುತ್ತಿದ್ದ.

ಒಂದು ಸಲ ಉತ್ಸಾಹದಲ್ಲಿ ಕ್ಲಿನಿಕ್ಕಿನ ಬೆಂಚಿಗೆಂದು ಅಂದವಾದ ಹಾಸಿಗೆ ಹೊಲಿದು ಹೊತ್ತು ತಂದ. ಡಾಕ್ಟರು ಹೌಹಾರಿದರು. “ಅಲರ್ಜಿ ಕ್ಲಿನಿಕ್ಕಿಗೆ ಹತ್ತಿ ಹಾಸಿಗೆನಾ? ನನ್ನ ಪ್ರಾಕ್ಟೀಸು ಮುಚ್ಚಿಸ್ತೀರೇನ್ರೀ!” ಹಾಸಿಗೆ ಪಂಚಾಕ್ಷರಯ್ಯನವರ ಮನೆ ಸೇರಿತು. ಬೆಂಚು ಬರಿಯ ಹಲಗೆಯಾಗಿಯೇ ಉಳಿಯಿತು.

ತೊಂಬತ್ತೊಂಬತ್ತರ ಬೇಸಿಗೆಯ ಒಂದು ಮಧ್ಯಾಹ್ನ. ಊಟದ ಹೊತ್ತಾದ್ದರಿಂದ ಕ್ಲಿನಿಕ್ಕಿನಲ್ಲಿ ಬೇರೆ ಯಾರೂ ಇರಲಿಲ್ಲ, ಡಾಕ್ಟರೂ ಮನೆಗೆ ಹೋಗಿದ್ದರು. ರಾಮಾಂಜಿನಪ್ಪನಿಗೆ ಹನ್ನೆರಡೂವರೆಗೆ ಮೂರೂವರೆ ಗೆರೆ ಚುಚ್ಚಿ, ಪಂಚಾಕ್ಷರಯ್ಯನವರು ಎದುರಿಗೆ ಕೂತಿದ್ದರು. ಇಪ್ಪತ್ತು ನಿಮಿಷ ಅವನ ಕೈಗಳನ್ನು ನೋಡಿದರು. ಅವನು ಛತ್ರದ ಸುದ್ದಿ ಹೇಳುತ್ತಾ ಹೇಳುತ್ತಾ ಆಕಳಿಸಿದ. ಹೊರಗೆ ಯಾರೋ ಬಾಗಿಲು ತಟ್ಟಿದರು. ಪಂಚಾಕ್ಷರಯ್ಯನವರು ಎದ್ದು ಹೋಗಿ ಔಷಧಿ ಸೀಸೆಗಳ ಪೊಟ್ಟಣ ತೆಗೆದುಕೊಂಡು, ತಂದವನಿಗೆ ರುಜು ಹಾಕಿ ಕೊಟ್ಟು, ಅದನ್ನು ಒಳಗಿನ ಫ್ರಿಜ್ಜಿನಲ್ಲಿ ಜೋಡಿಸಿಟ್ಟು ಬಂದರು. ಎಲ್ಲ ಸೇರಿ ನಾಲ್ಕು ನಿಮಿಷ.

ಬಂದು ನೋಡಿದರೆ ರಾಮಾಂಜಿನಪ್ಪ ಬೆಂಚಿನ ಮೇಲೆ ಬಿದ್ದಿದ್ದ. ಅಂಗಾತ ಬಿದ್ದಿದ್ದ. ಬಾಯಿ ತೆರೆದಿತ್ತು, ಒಂದು ಕೈ ನೆಲಕ್ಕೆ ಜೋತಿತ್ತು.

ಪಂಚಾಕ್ಷರಯ್ಯನವರು ಔಷಧಿಯ ತಟ್ಟೆ ಎಳೆದುಕೊಂಡು ಓಡಿದರು. ಜೋತಿದ್ದ ಕೈ ಎತ್ತಿ ಅಂಗೈ ಬಿಡಿಸಿ ನೋಡಿದರು. ದಬ್ಬಣ ಹಿಡಿದು ಜಡ್ಡುಗಟ್ಟಿದ ಅಂಗೈ, ಎಂದಿನ ಬಣ್ಣವೇ. ಕುತ್ತಿಗೆಯಲ್ಲಿ ದದ್ದಿಲ್ಲ, ತುಟಿ ಊದಿಲ್ಲ. ನಾಡಿ ಹಿಡಿದರು. ನಾಡಿ ಸಾವಕಾಶವಾಗಿ, ಗಟ್ಟಿಯಾಗಿ ನಡೆಯುತ್ತಿತ್ತು. ಕಿವಿಯನ್ನು ಅವನ ಬಾಯಿಯ ಹತ್ತಿರ ತಂದರು. ಅಷ್ಟರಲ್ಲಿ ರಾಮಾಂಜಿನಪ್ಪ ಒಮ್ಮೆ ಜೋರಾಗಿ ಗೊರಕೆ ಹೊಡೆದ.

ಪಂಚಾಕ್ಷರಯ್ಯನವರು ಸ್ಟೂಲಿನ ಮೇಲೆ ಕುಸಿದು ಕೂತರು. ದಿಂಬಿಲ್ಲ, ಹಾಸಿಗೆಯಿಲ್ಲ, ಗೋಡೆಗೆ ಒರಗಿಯೂ ಇಲ್ಲ. ಬರಿ ಹಲಗೆಯ ಮೇಲೆ ಕಾಲು ಬೆಂಚಿನಾಚೆಗೆ ಚಾಚಿ, ಹತ್ತು ವರ್ಷದಿಂದ ಅಂಗಾತ ಮಲಗದ ಮನುಷ್ಯ ಮಲಗಿದ್ದ. ಎದೆ ಸಲೀಸಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಅವನ ಕೈಯನ್ನು ಮೆಲ್ಲಗೆ ಎತ್ತಿ ಹೊಟ್ಟೆಯ ಮೇಲಿಟ್ಟರು.

ಒಂದಕ್ಕೆ ಅಲಾರಂ ಹೊಡೆಯಬೇಕಿತ್ತು. ಅದಕ್ಕೆ ಒಂದು ನಿಮಿಷ ಮುಂಚೆ ಗಡಿಯಾರದ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದರು. ಎರಡು ಗಂಟೆಗೆ ಅಂಬುಜಮ್ಮ ಬಂದು ಬಾಗಿಲು ತಟ್ಟಿದರು. ಪಂಚಾಕ್ಷರಯ್ಯನವರು ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಾಗಿಲು ತೆರೆದರು. ಅಂಬುಜಮ್ಮ ಬೆಂಚನ್ನು ನೋಡಿ, ಇವರ ಮುಖ ನೋಡಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದು ಡಾಕ್ಟರ ಕೋಣೆಯ ಕುರ್ಚಿಯಲ್ಲಿ ಸದ್ದಿಲ್ಲದೆ ಕೂತರು.

ಎರಡೂಕಾಲಿಗೆ ರಾಮಾಂಜಿನಪ್ಪ ಮಗ್ಗುಲು ಬದಲಿಸಿ ಅರ್ಧ ಕಣ್ಣು ತೆರೆದ. ಎಲ್ಲಿದ್ದೇನೆಂದು ಅವನಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ.

“ಟೈಮಾಯ್ತಾ ಅಯ್ನೋರೆ? ಹೊರಡ್ಲಾ?”

ಪಂಚಾಕ್ಷರಯ್ಯನವರು ಕೈ ಚಾಚಿ ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟರು.

“ಇನ್ನೂ ಅರ್ಧ ಗಂಟೆ ಆಗಿಲ್ಲ” ಎಂದರು. “ಮಲ್ಕೊಳಿ.”